ಸ್ಕೈರಿಮ್ ಮೇಲೋ, ವಿಚರ್ 3 ಮೇಲೋ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೈರಿಮ್, ವಿಚರ್ 3 ಅನ್ನುವ ಎರಡು ವಿಡಿಯೋ ಗೇಮ್‌ಗಳಲ್ಲಿ ಯಾವುದು ಮೇಲು ಅಂತ ಹತ್ತು ವರ್ಷದಿಂದ ವಾದ ನಡೆಯುತ್ತಲೇ ಇದೆ. ಗೇಮ್ ಆಡುವ ನಾಲ್ಕು ಜನ ಸೇರಿದರೆ ಸಾಕು, ಕಾಫಿ ಆರುವ ಮೊದಲೇ ಶುರುವಾಗುತ್ತದೆ. ನಾನು ಎರಡನ್ನೂ ಮೂರು ಮೂರು ಸಲ ಮುಗಿಸಿದ್ದೇನೆ. ಗೆಳೆಯರು, ಅವರ ತಮ್ಮಂದಿರು, ಆಫೀಸಿನ ಹುಡುಗರು ಕೇಳುವ ಪ್ರಶ್ನೆಗಳಿಗೆಲ್ಲ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ. ಕಥೆಯ ಗುಟ್ಟು ಬರುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

ಸುತ್ತಿಬಳಸಬೇಡಿ. ಯಾವುದು ಮೇಲು?

ವಿಚರ್ 3.

ಕಾರಣ ಒಂದೇ. ಅಲ್ಲಿ ನೀವು ಮಾಡಿದ್ದು ಯಾರಿಗೋ ತಟ್ಟುತ್ತದೆ. ಒಬ್ಬರಿಗೆ ಒಳ್ಳೆಯದು ಮಾಡಲು ಹೋಗಿ ಇನ್ನೊಬ್ಬರ ಮನೆ ಹಾಳಾಗಿದ್ದು ಎರಡು ದಿನ ಆದಮೇಲೆ ಗೊತ್ತಾಗುತ್ತದೆ. ಸ್ಕೈರಿಮ್‌ನಲ್ಲಿ ನೀವು ಎಂಥ ದೊಡ್ಡ ಕೆಲಸ ಮಾಡಿದರೂ ಮರುದಿನ ಊರು ಎಂದಿನಂತೆ ಏಳುತ್ತದೆ, ಎಂದಿನಂತೆ ಮಲಗುತ್ತದೆ. ಉಳಿದ ಹಲವು ವಿಷಯಗಳಲ್ಲಿ ಸ್ಕೈರಿಮ್ ಮುಂದಿದೆ. ಅದನ್ನೂ ಕೆಳಗೆ ಹೇಳಿದ್ದೇನೆ. ಆದರೆ ಈ ಒಂದು ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು.

ಈ ಎರಡೂ ಗೇಮ್ ಮಾಡಿದ್ದು ಯಾರು?

ಸ್ಕೈರಿಮ್ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಬೆಥೆಸ್ಡಾ ಗೇಮ್ ಸ್ಟುಡಿಯೋಸ್‌ನದು. ಎಲ್ಡರ್ ಸ್ಕ್ರಾಲ್ಸ್ ಸರಣಿಯ ಐದನೆಯ ಗೇಮ್. ನಿರ್ದೇಶಕ ಟಾಡ್ ಹೋವರ್ಡ್. ಬಿಡುಗಡೆಯಾಗಿದ್ದು 2011ರ ನವೆಂಬರ್ 11ರಂದು, ಅಂದರೆ 11-11-11. ವಿಚರ್ 3 ಪೋಲೆಂಡಿನ ವಾರ್ಸಾದಲ್ಲಿರುವ ಸಿಡಿ ಪ್ರಾಜೆಕ್ಟ್ ರೆಡ್‌ನದು. 2015ರ ಮೇ 19ರಂದು ಬಂತು. ಪೋಲೆಂಡಿನ ಲೇಖಕ ಆಂದ್ರೇ ಸಪ್ಕೋವ್ಸ್ಕಿ ಬರೆದ ಕಥೆಗಳ ಪಾತ್ರಗಳು ಇದರಲ್ಲಿವೆ. ಆ ಸ್ಟುಡಿಯೋ ಬಗ್ಗೆ ಪೋಲೆಂಡಿಗೆ ಎಷ್ಟು ಹೆಮ್ಮೆ ಅಂದರೆ, 2011ರಲ್ಲಿ ಒಬಾಮಾ ಅಲ್ಲಿಗೆ ಹೋದಾಗ ಪ್ರಧಾನಿ ಡೊನಾಲ್ಡ್ ಟುಸ್ಕ್ ಕೊಟ್ಟ ಉಡುಗೊರೆಗಳಲ್ಲಿ ವಿಚರ್ 2 ಕೂಡ ಇತ್ತು.

ಎರಡೂ ತಮ್ಮ ತಮ್ಮ ವರ್ಷದ ದೊಡ್ಡ ಪ್ರಶಸ್ತಿಗಳನ್ನು ಬಾಚಿಕೊಂಡವು. 2023ರ ಹೊತ್ತಿಗೆ ಸ್ಕೈರಿಮ್ 6 ಕೋಟಿಗೂ ಹೆಚ್ಚು, ವಿಚರ್ 3 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದ್ದವು. ಮಾರಾಟದ ಲೆಕ್ಕ ಹಿಡಿದು ವಾದ ಮಾಡುವವರಿಗೆ ಇಷ್ಟು ಸಾಕು.

ಇವೆರಡನ್ನು ಹೋಲಿಸುವುದೇ ತಪ್ಪು ಅಂತಾರಲ್ಲ?

ಅರ್ಧ ನಿಜ. ಸ್ಕೈರಿಮ್‌ನಲ್ಲಿ ನಿಮ್ಮ ಪಾತ್ರವನ್ನು ನೀವೇ ಕಟ್ಟುತ್ತೀರಿ. ಹತ್ತು ಜನಾಂಗಗಳಲ್ಲಿ ಒಂದನ್ನು ಆರಿಸಿ, ಮೂಗು ಕಣ್ಣು ತಿದ್ದಿ, ಹೆಸರಿಟ್ಟು ಹೊರಡುತ್ತೀರಿ. ವಿಚರ್‌ನಲ್ಲಿ ಆ ಅವಕಾಶ ಇಲ್ಲ. ನೀವು ಗೆರಾಲ್ಟ್. ಬಿಳಿ ಕೂದಲು, ಬೆನ್ನ ಮೇಲೆ ಎರಡು ಕತ್ತಿ, ದುಡ್ಡಿಗೆ ರಾಕ್ಷಸರನ್ನು ಬೇಟೆಯಾಡುವ ಕಸುಬು. ಅವನಿಗೆ ಮೊದಲೇ ಗೆಳೆಯರಿದ್ದಾರೆ, ಹಳೆಯ ಪ್ರೀತಿ ಇದೆ, ಸಾಕಿ ಬೆಳೆಸಿದ ಮಗಳಿದ್ದಾಳೆ. ಅವಳ ಹೆಸರು ಸಿರಿ. ನಮ್ಮ ಮನೆಯ ಹುಡುಗಿಯ ಹೆಸರಿನ ಹಾಗೇ ಕೇಳಿಸುವುದರಿಂದಲೋ ಏನೋ, ಅವಳನ್ನು ಹುಡುಕುವ ಕೆಲಸ ನನಗೆ ಮೊದಲ ದಿನದಿಂದಲೇ ನನ್ನದು ಅನ್ನಿಸಿತ್ತು.

ಹಾಗಾಗಿ ಒಂದರಲ್ಲಿ ನೀವು ನೀವಾಗಿಯೇ ಇನ್ನೊಂದು ನಾಡಿಗೆ ಹೋಗುತ್ತೀರಿ, ಇನ್ನೊಂದರಲ್ಲಿ ಬೇರೊಬ್ಬನ ಬದುಕಿನೊಳಗೆ ಹೊಕ್ಕುತ್ತೀರಿ. ಬಗೆ ಬೇರೆ ಅನ್ನುವುದು ಸರಿ. ಆದರೆ ಕೊನೆಗೆ ನಮ್ಮ ಹತ್ತಿರ ಇರುವುದು ಅದೇ ನೂರು ಗಂಟೆ, ಅದೇ ದುಡ್ಡು. ಆದ್ದರಿಂದ ಹೋಲಿಸಲೇಬೇಕು.

ವಿಚರ್ ಕಥೆ ಅಷ್ಟು ಚೆನ್ನಾಗಿದೆ ಅಂತಾರೆ. ಒಂದು ಉದಾಹರಣೆ ಕೊಡಿ.

(ಇಲ್ಲಿ ಗುಟ್ಟು ಇದೆ. ಆಡುವವರಿದ್ದರೆ ಮುಂದಿನ ಪ್ರಶ್ನೆಗೆ ಹೋಗಿ.)

ವೆಲೆನ್ ಅಂತ ಒಂದು ಜೌಗು ಸೀಮೆ. ಯುದ್ಧದಲ್ಲಿ ನುಚ್ಚುನೂರಾಗಿದೆ, ಮರಗಳಲ್ಲಿ ಹೆಣ ತೂಗುತ್ತಿರುತ್ತವೆ. ಅಲ್ಲಿ ಫಿಲಿಪ್ ಸ್ಟ್ರೆಂಗರ್ ಅನ್ನುವವನು ಸೇನೆ ಬಿಟ್ಟು ಬಂದು ತನ್ನನ್ನೇ ಬ್ಯಾರನ್ ಅಂತ ಕರೆದುಕೊಂಡು ಆಳುತ್ತಿದ್ದಾನೆ. ಸಿರಿ ಎಲ್ಲಿ ಹೋದಳು ಅಂತ ಅವನಿಗೆ ಗೊತ್ತು. ಆದರೆ ಹೇಳಬೇಕಾದರೆ ಕಾಣೆಯಾದ ತನ್ನ ಹೆಂಡತಿ ಆನ್ನಾಳನ್ನೂ ಮಗಳು ತಮಾರಾಳನ್ನೂ ಹುಡುಕಿಕೊಡಬೇಕು ಅನ್ನುತ್ತಾನೆ. ನೀವು ಅವನ ಮನೆಯ ಕೋಣೆಗಳಲ್ಲಿ ಸುಳಿವು ಹುಡುಕುತ್ತಾ ಹೋಗುತ್ತೀರಿ. ಒಂದೊಂದಾಗಿ ಗೊತ್ತಾಗುತ್ತದೆ. ಅವರನ್ನು ಯಾರೂ ಕದ್ದಿಲ್ಲ. ಕುಡಿದು ಬಂದು ಹೊಡೆಯುತ್ತಿದ್ದ ಇವನಿಂದಲೇ ಅವರು ಓಡಿಹೋಗಿದ್ದು. ಆ ಗಲಾಟೆಯಲ್ಲಿ ಹೆಂಡತಿಯ ಬಸಿರು ಇಳಿದುಹೋಗಿದೆ. ಆ ಕೂಸನ್ನು ಹೆಸರೂ ಇಡದೆ ಹೂತಿದ್ದಾನೆ. ಅದು ಈಗ ಬಾಚ್‌ಲಿಂಗ್ ಅನ್ನುವ ಪಿಶಾಚಿಯಾಗಿ ತಿರುಗುತ್ತಿದೆ.

ನೀವು ಅದನ್ನು ಕೊಲ್ಲಬಹುದು. ಇಲ್ಲ ಅಂದರೆ ಬ್ಯಾರನ್ ಕೈಯಲ್ಲೇ ಅದನ್ನು ಎತ್ತಿಸಿಕೊಂಡು ಮನೆಯ ತನಕ ನಡೆಸಬಹುದು. ನಾನು ಎರಡನೆಯದನ್ನು ಮಾಡಿದೆ. ರಾತ್ರಿ. ಆ ದಪ್ಪ ಮನುಷ್ಯ ವಿಕಾರವಾದ ಕೂಸನ್ನು ಎದೆಗವಚಿಕೊಂಡು ಹೆಜ್ಜೆ ಹಾಕುತ್ತಾನೆ. ಅದು ಮಧ್ಯೆ ಮಧ್ಯೆ ಕೆರಳುತ್ತದೆ. ನೀವು ಆಕ್ಸಿ ಮಂತ್ರ ಹಾಕಿ ಸಮಾಧಾನ ಮಾಡಬೇಕು. ಮನೆಗೆ ಬಂದಮೇಲೆ ಅವನು ಆ ಮಗುವಿಗೆ ಡಿಯಾ ಅಂತ ಹೆಸರಿಟ್ಟು, ನನ್ನ ಮಗಳು ಅಂತ ಒಪ್ಪಿಕೊಂಡು, ಹೊಸ್ತಿಲ ಕೆಳಗೆ ಹೂಳುತ್ತಾನೆ.

ಕಂಟ್ರೋಲರ್ ಕೆಳಗಿಟ್ಟು ಸುಮ್ನೆ ಕೂತಿದ್ದೆ. ಅವನ ಮೇಲೆ ಅಸಹ್ಯವೂ ಇತ್ತು, ಕನಿಕರವೂ ಇತ್ತು. ಗೇಮ್ ಅವನನ್ನು ಕ್ಷಮಿಸು ಅಂತ ಎಲ್ಲೂ ಹೇಳುವುದಿಲ್ಲ. ಆನ್ನಾ ಕಥೆ ಹೇಗೆ ಮುಗಿಯುತ್ತದೆ ಅನ್ನುವುದು ನೀವು ಬೇರೆಲ್ಲೋ, ಒಂದು ಗುಡ್ಡದೊಳಗೆ, ಬೇರೆ ಯಾವುದೋ ಕಾರಣಕ್ಕೆ ಮಾಡಿದ ಆಯ್ಕೆಯ ಮೇಲೆ ನಿಂತಿದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಇದು ಮುಖ್ಯ ಕಥೆಯ ಒಂದು ತುಂಡು ಮಾತ್ರ. ಸ್ಕೈರಿಮ್‌ನ ಇಡೀ ಮುಖ್ಯ ಕಥೆಯಲ್ಲಿ ಇಷ್ಟು ಭಾರವಾದ ಒಂದು ರಾತ್ರಿ ಇಲ್ಲ. ಅಲ್ಡುಯಿನ್ ಅನ್ನುವ ಡ್ರ್ಯಾಗನ್ ಲೋಕವನ್ನು ನುಂಗಲು ಬರುತ್ತದೆ, ನೀವು ತಡೆಯುತ್ತೀರಿ. ಅಷ್ಟೇ.

ಸಣ್ಣ ಪುಟ್ಟ ಕ್ವೆಸ್ಟ್‌ಗಳಲ್ಲಿ (ಗೇಮ್ ಕೊಡುವ ಕೆಲಸಗಳಲ್ಲಿ)?

ವಿಚರ್ 3 ಶುರುವಾಗುವ ವೈಟ್ ಆರ್ಚರ್ಡ್‌ನಲ್ಲಿ ಒಬ್ಬ ಮುದುಕಿ ಗುಡಿಸಲಿನ ಬಾಗಿಲು ಬಡಿಯುತ್ತಾ ನಿಂತಿರುತ್ತಾಳೆ. ಅಪರಿಚಿತನೊಬ್ಬ ಅವಳ ಬಾಣಲೆ ತೆಗೆದುಕೊಂಡು ಹೋಗಿದ್ದಾನೆ, ವಾಪಸ್ ಕೊಟ್ಟಿಲ್ಲ. ಅದನ್ನು ತಂದುಕೊಡಬೇಕು. ಇದೇ ಕ್ವೆಸ್ಟ್. ಬಾಗಿಲು ಒಡೆದು ಒಳಗೆ ಹೋದರೆ ಹೆಣ ಬಿದ್ದಿದೆ, ಸುಟ್ಟ ಕಾಗದ ಇದೆ. ಬಾಣಲೆ ಫಳಫಳ ಹೊಳೆಯುತ್ತಿದೆ. ಅದರ ಮಸಿಯನ್ನು ಯಾರೋ ಕೆರೆದು ಶಾಯಿ ಮಾಡಿಕೊಂಡಿದ್ದಾರೆ! ಯುದ್ಧ, ಗೂಢಚಾರಿಕೆ, ಕೊಲೆ ಎಲ್ಲ ಆ ಒಂದು ಬಾಣಲೆಯೊಳಗಿದೆ. ಮುದುಕಿಗೆ ಮಾತ್ರ ಬಾಣಲೆ ಸಿಕ್ಕಿದರೆ ಸಾಕು.

ಸ್ಕೈರಿಮ್‌ನಲ್ಲಿ ರೇಡಿಯಂಟ್ ಅನ್ನುವ ವ್ಯವಸ್ಥೆ ಇದೆ. ಕಂಪ್ಯೂಟರೇ ಕ್ವೆಸ್ಟ್ ಕಟ್ಟುತ್ತದೆ. ಇಂಥ ಗುಹೆಗೆ ಹೋಗು, ಇಂಥವನನ್ನು ಕೊಲ್ಲು, ಬಾ. ಎಂದೂ ಮುಗಿಯುವುದಿಲ್ಲ, ಹತ್ತು ಮಾಡಿದರೆ ಒಂದೂ ನೆನಪಿರುವುದಿಲ್ಲ. ಕೈಯಿಂದ ಕಟ್ಟಿದ ಕ್ವೆಸ್ಟ್‌ಗಳು ಬೇರೆ ಮಾತು. ಡಾರ್ಕ್ ಬ್ರದರ್‌ಹುಡ್ ಅನ್ನುವ ಕೊಲೆಗಾರರ ಗುಂಪಿನ ಕಥೆ ಈಗಲೂ ಚೆನ್ನಾಗಿದೆ.

ಹಾಗಾದರೆ ಸ್ಕೈರಿಮ್‌ನಲ್ಲಿ ಜನ ಅಷ್ಟು ವರ್ಷ ಏನು ಮಾಡುತ್ತಾರೆ?

ಅಲೆಯುತ್ತಾರೆ. ಅಲೆಯುವ ಸುಖದಲ್ಲಿ ಇದನ್ನು ಮೀರಿಸಿದ ಗೇಮ್ ನಾನು ಆಡಿಲ್ಲ.

ಹೆಲ್ಗೆನ್ ಊರಿನಲ್ಲಿ ನಿಮ್ಮ ತಲೆ ಕಡಿಯಲು ಹೊರಟಾಗ ಡ್ರ್ಯಾಗನ್ ಬರುತ್ತದೆ. ನೀವು ತಪ್ಪಿಸಿಕೊಂಡು ಗುಹೆಯಿಂದ ಹೊರಗೆ ಬರುತ್ತೀರಿ. ಮುಂದೆ ಬೆಟ್ಟ, ಪೈನ್ ಮರ, ಹಿಮ. ದೂರದ ಗುಡ್ಡದ ಮೇಲೆ ಕಲ್ಲಿನ ಕಮಾನುಗಳು ಕಾಣುತ್ತವೆ. ಅದು ಬ್ಲೀಕ್ ಫಾಲ್ಸ್ ಬ್ಯಾರೋ, ಹಳೆಯ ಕಾಲದ ಸಮಾಧಿ. ಅಲ್ಲಿಗೆ ಈಗಲೇ ಹೋಗಬಹುದು. ಬೇಡ ಅಂದರೆ ತಿರುಗಿ ಬೇರೆ ಕಡೆ ನಡೆಯಬಹುದು. ಯಾರೂ ಅಡ್ಡ ಹಾಕುವುದಿಲ್ಲ.

ಕೆಳಗೆ ರಿವರ್‌ವುಡ್ ಅನ್ನುವ ಹಳ್ಳಿಯ ಅಂಗಡಿಯಿಂದ ಚಿನ್ನದ ಉಗುರು ಅನ್ನುವ, ಪಂಜದ ಆಕಾರದ ವಸ್ತು ಕಳವಾಗಿರುತ್ತದೆ. ಕಳ್ಳ ಅದನ್ನು ಆ ಸಮಾಧಿಗೇ ಒಯ್ದಿದ್ದಾನೆ. ಒಳಗೆ ಜೇಡ, ಎದ್ದು ಬರುವ ಹೆಣಗಳು, ಕೊನೆಗೊಂದು ದುಂಡನೆಯ ಕಲ್ಲಿನ ಬಾಗಿಲು. ಅದರಲ್ಲಿ ಮೂರು ಬಳೆಗಳು, ಒಂದೊಂದರಲ್ಲೂ ಪ್ರಾಣಿಗಳ ಚಿತ್ರ. ಹೇಗೆ ತಿರುಗಿಸಿದರೂ ತೆರೆಯುವುದಿಲ್ಲ. ನಾನು ಮೊದಲ ಸಲ ಅರ್ಧ ಗಂಟೆ ಒದ್ದಾಡಿದೆ. ಆಮೇಲೆ ಸುಮ್ನೆ ಚೀಲ ತೆರೆದು ಆ ಚಿನ್ನದ ಉಗುರನ್ನು ನೋಡಿದೆ. ಅದನ್ನು ಕೈಯಲ್ಲಿ ಹಿಡಿದಂತೆ ತಿರುಗಿಸಬಹುದು. ತಿರುಗಿಸಿದರೆ ಅಂಗೈಯಲ್ಲಿ ಕೆತ್ತನೆ! ಕರಡಿ, ಪತಂಗ, ಗೂಬೆ. ಬಾಗಿಲು ತೆರೆಯಿತು. ಆ ಖುಷಿ ಇವತ್ತಿಗೂ ಹಸಿಯಾಗಿದೆ. ವಿಚರ್ 3 ಆಟಗಾರನ ಮೇಲೆ ಹೀಗೆ ನಂಬಿಕೆ ಇಡುವುದು ಕಡಿಮೆ. ಗೆರಾಲ್ಟ್ ಕಣ್ಣಿಟ್ಟು ನೋಡಿದರೆ ಸುಳಿವುಗಳೆಲ್ಲ ಕೆಂಪಗೆ ಹೊಳೆಯುತ್ತವೆ, ಉತ್ತರವನ್ನೂ ಅವನೇ ಗೊಣಗುತ್ತಾನೆ. ವಿಚರ್‌ನ ದೊಡ್ಡ ಕೊರತೆ ಅಂದರೆ ನನ್ನ ಪ್ರಕಾರ ಇದೇ. ಅದರ ಮ್ಯಾಪ್ ತುಂಬ ಇರುವ ಪ್ರಶ್ನಾರ್ಥಕ ಚಿಹ್ನೆಗಳೂ ಹಾಗೇ. ಸ್ಕೆಲ್ಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ತೇಲುವ ಪೀಪಾಯಿಗಳನ್ನು ಹುಡುಕಿ ಸಮಯ ಹಾಳು ಮಾಡಬೇಡಿ.

ಕಲಿಕೆಯೂ ಸ್ಕೈರಿಮ್‌ನಲ್ಲಿ ಸಹಜ. ಒಟ್ಟು 18 ವಿದ್ಯೆಗಳಿವೆ. ಯಾವುದನ್ನು ಮಾಡುತ್ತೀರೋ ಅದು ಬೆಳೆಯುತ್ತದೆ. ಬಿಲ್ಲು ಹಿಡಿದರೆ ಬಿಲ್ಲುಗಾರಿಕೆ, ಕಬ್ಬಿಣ ಬಡಿದರೆ ಕಮ್ಮಾರಿಕೆ. ಮಂತ್ರವಾದಿ ಆಗುತ್ತೇನೆ ಅಂತ ಶುರು ಮಾಡಿದವರೂ ಕೊನೆಗೆ ಕತ್ತಲಲ್ಲಿ ಕೂತು ಬಾಣ ಬಿಡುವವರೇ ಆಗುತ್ತಾರೆ. ನಾನೂ ಮೂರಕ್ಕೆ ಮೂರು ಸಲ ಹಾಗೇ ಆದೆ.

ಆಯ್ಕೆಗಳು ಸ್ಕೈರಿಮ್‌ನಲ್ಲೂ ಇವೆಯಲ್ಲ? ಅಂತರ್ಯುದ್ಧ ಇದೆಯಲ್ಲ?

ಇದೆ. ಬಂಡಾಯದ ನಾಯಕ ಉಲ್ಫ್ರಿಕ್ ಕಡೆಗೋ, ಸಾಮ್ರಾಜ್ಯದ ಕಡೆಗೋ ಸೇರಬಹುದು. ಊರಿನ ಒಡೆಯ ಬದಲಾಗುತ್ತಾನೆ, ವೈಟ್‌ರನ್‌ನಲ್ಲಿ ಕೆಲವು ಗೋಡೆ ಬಿದ್ದಿರುತ್ತವೆ. ಆದರೆ ಡಾರ್ಕ್ ಬ್ರದರ್‌ಹುಡ್ ಕಥೆಯಲ್ಲಿ ನೀವು ಚಕ್ರವರ್ತಿಯನ್ನೇ ಕೊಲ್ಲಬಹುದು. ಕೊಂದು ಬಂದರೂ ಅವನ ಸೇನಾಪತಿ ನಿಮ್ಮನ್ನು ಎಂದಿನಂತೆ ಮಾತಾಡಿಸುತ್ತಾನೆ, ಯುದ್ಧ ಎಂದಿನಂತೆ ನಡೆಯುತ್ತದೆ. ಬೆರಳೆಣಿಕೆಯ ಸಣ್ಣ ಮಂತ್ರ ಕಲಿತವನು ವಿಂಟರ್‌ಹೋಲ್ಡ್ ವಿದ್ಯಾಲಯದ ಮುಖ್ಯಸ್ಥನಾಗುತ್ತಾನೆ. ಎಲ್ಲವೂ ಎಲ್ಲರಿಗೂ ಸಿಗಲಿ ಅಂತ ಹೀಗೆ ಮಾಡಿದ್ದಾರೆ, ಅರ್ಥವಾಗುತ್ತದೆ. ಆದರೆ ಎಲ್ಲವೂ ಸಿಗುವ ಕಡೆ ಯಾವುದಕ್ಕೂ ತೂಕ ಉಳಿಯುವುದಿಲ್ಲ.

ಕಾದಾಟ ಯಾವುದರಲ್ಲಿ ಚೆನ್ನಾಗಿದೆ?

ವಿಚರ್‌ನಲ್ಲಿ, ಆದರೆ ಬಹಳ ಮುಂದೇನಲ್ಲ. ಸ್ಕೈರಿಮ್‌ನಲ್ಲಿ ಕತ್ತಿ ಬೀಸಿದರೆ ಗಾಳಿಗೆ ಬೀಸಿದ ಹಾಗೆ ಅನ್ನಿಸುತ್ತದೆ. ಬಿಲ್ಲು ಮಾತ್ರ ಸೊಗಸು. ಎಲ್ಡನ್ ರಿಂಗ್ ಆಡಿ ಬಂದವರಿಗೆ ಎರಡೂ ಸಪ್ಪೆ.

ಒಂದು ಮಾತು. ವಿಚರ್ ಅನ್ನು ಸುಲಭದ ಮಟ್ಟದಲ್ಲಿ ಆಡಬೇಡಿ. ಮೂರನೆಯ ಮಟ್ಟ ಇಟ್ಟರೆ ಮಾತ್ರ ಕತ್ತಿಗೆ ಹಚ್ಚುವ ಎಣ್ಣೆ, ಕುಡಿಯುವ ಮದ್ದು, ಮಂತ್ರಗಳಿಗೆ ಬೆಲೆ ಬರುತ್ತದೆ. ಆಗ ಪ್ರತಿ ಬೇಟೆಗೂ ಮೊದಲು ಆ ಜೀವಿ ಯಾವುದು, ಯಾವುದಕ್ಕೆ ಹೆದರುತ್ತದೆ ಅಂತ ಓದಿಕೊಂಡು ಹೋಗುತ್ತೀರಿ. ಅದೇ ಅಲ್ವಾ ಬೇಟೆಗಾರನ ಕೆಲಸ?

ವಿಚರ್‌ನ ಭೂತಗಳು ನಮಗೆ ಹಿಡಿಸುತ್ತವಾ? ಎಲ್ಲ ಯುರೋಪಿನವು ತಾನೇ?

ಪೋಲೆಂಡ್ ಮತ್ತು ಸುತ್ತಲಿನ ಸ್ಲಾವಿಕ್ ಜನರ ಜನಪದದಿಂದ ಬಂದಂಥವು ಬಹಳ ಇವೆ. ಹಿಡಿಸುತ್ತವೆ. ಬಿಸಿಲೇರಿದ ಹೊತ್ತಿನಲ್ಲಿ ಹೊಲದಲ್ಲಿ ಕಾಣಿಸಿಕೊಳ್ಳುವ ನೂನ್‌ರೇತ್ ಅನ್ನುವ ಹೆಣ್ಣು ಭೂತ ಇದೆ. ಮಟಮಟ ಮಧ್ಯಾಹ್ನ ಒಬ್ಬನೇ ಹೊಲದ ಕಡೆ ಹೋಗಬೇಡ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅಷ್ಟು ದೂರದ ದೇಶದಲ್ಲೂ ಅದೇ ಹೊತ್ತಿಗೆ ಅದೇ ಭಯ ಇದ್ದದ್ದು ನೋಡಿ ಮೈ ಜುಮ್ಮೆಂದಿತು.

ವೈಟ್ ಆರ್ಚರ್ಡ್‌ನಲ್ಲೇ ಅಂಥ ಒಂದು ಬೇಟೆ ಇದೆ. ಹಾಳು ಬಿದ್ದ ಊರಿನ ಬಾವಿ, ಅದರ ಸುತ್ತ ತಿರುಗುವ ಹೆಣ್ಣು. ಸುಮ್ನೆ ಕತ್ತಿ ಹಿಡಿದು ಹೋದರೆ ಆಗುವುದಿಲ್ಲ. ಅವಳು ಯಾರು, ಹೇಗೆ ಸತ್ತಳು ಅಂತ ತಿಳಿಯಬೇಕು. ಬಾವಿಗಿಳಿದು ಅವಳ ಬಳೆ ಹುಡುಕಬೇಕು. ಅದನ್ನು ಅವಳ ಅವಶೇಷದ ಜೊತೆ ಸುಡಬೇಕು. ಆಮೇಲೆ ಇರ್ಡೆನ್ ಮಂತ್ರದ ವೃತ್ತ ಹಾಕಿದರೆ ಆ ಭೂತಕ್ಕೆ ಮೈ ಬರುತ್ತದೆ, ಏಟು ತಾಗುತ್ತದೆ.

ಸಂಗೀತ?

ಸಮ. ಸ್ಕೈರಿಮ್‌ಗೆ ಜೆರೆಮಿ ಸೋಲ್ ಸಂಗೀತ. ಅದರ ಮುಖ್ಯ ಹಾಡಿಗೆ 30 ಗಂಡಸರ ದನಿಯನ್ನು ಮೂರು ಸಲ ಒಂದರ ಮೇಲೊಂದು ಸೇರಿಸಿ 90 ಜನ ಹಾಡಿದಂತೆ ಮಾಡಿದ್ದಾರೆ. ಹಾಡು ಇರುವುದು ಗೇಮ್‌ಗಾಗಿಯೇ ಕಟ್ಟಿದ ಡ್ರ್ಯಾಗನ್ ಭಾಷೆಯಲ್ಲಿ. ವಿಚರ್‌ನಲ್ಲಿ ಪರ್ಸಿವಲ್ ಅನ್ನುವ ಪೋಲಿಷ್ ಜನಪದ ತಂಡ ಇದೆ. ಕಾದಾಟ ಶುರುವಾದಾಗ ಆ ಹೆಂಗಸರ ಕೂಗು ಕೇಳಿ ನೋಡಿ.

ಮಾಡ್‌ಗಳ (ಆಟಗಾರರೇ ಗೇಮ್‌ಗೆ ಮಾಡಿ ಸೇರಿಸುವ ಬದಲಾವಣೆಗಳ) ವಿಷಯದಲ್ಲಿ?

ಇಲ್ಲಿ ಸ್ಪರ್ಧೆಯೇ ಇಲ್ಲ, ಸ್ಕೈರಿಮ್. ಮಾಡ್ ಮಾಡುವ ಉಪಕರಣವನ್ನು ಬೆಥೆಸ್ಡಾ 2012ರಲ್ಲೇ ಜನರ ಕೈಗೆ ಕೊಟ್ಟಿತು. ಅಲ್ಲಿಂದ ಹತ್ತಾರು ಸಾವಿರ ಮಾಡ್‌ಗಳು ಬಂದಿವೆ. ಜರ್ಮನಿಯ ತಂಡವೊಂದು ಎಂಡೆರಾಲ್ ಅಂತ ಬೇರೆಯೇ ನಾಡು, ಬೇರೆಯೇ ಕಥೆ ಕಟ್ಟಿ ಪುಕ್ಕಟೆ ಕೊಟ್ಟಿತು. ದಿ ಫಾರ್ಗಾಟನ್ ಸಿಟಿ ಕೂಡ ಶುರುವಾಗಿದ್ದು ಸ್ಕೈರಿಮ್ ಮಾಡ್ ಆಗಿ. 2021ರಲ್ಲಿ ಅದೇ ಸ್ವಂತ ಗೇಮ್ ಆಯಿತು. ವಿಚರ್ 3ಕ್ಕೆ ಇಂಥ ಉಪಕರಣ ಬಂದಿದ್ದು 2024ರಲ್ಲಿ. ಒಳ್ಳೆಯದೇ, ಆದರೆ ತಡವಾಯಿತು.

ಡಿಎಲ್‌ಸಿ (ಗೇಮ್ ಬಂದಮೇಲೆ ಬೇರೆಯಾಗಿ ಬರುವ ಹೆಚ್ಚುವರಿ ಭಾಗ) ಕೊಳ್ಳಬೇಕಾ?

ವಿಚರ್‌ನವನ್ನು ಖಂಡಿತ. ಹಾರ್ಟ್ಸ್ ಆಫ್ ಸ್ಟೋನ್ ಚಿಕ್ಕದು, ಬಿಗಿಯಾದದ್ದು. ಅದರಲ್ಲಿ ಗಾಂಟರ್ ಓ'ಡಿಮ್ ಅನ್ನುವವನು ಬರುತ್ತಾನೆ. ನಯವಾಗಿ ಮಾತಾಡುತ್ತಾನೆ, ಎಂದೂ ದನಿ ಏರಿಸುವುದಿಲ್ಲ. ಇಡೀ ಗೇಮ್‌ನಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದವನು ಅವನೊಬ್ಬನೇ. 2016ರ ಬ್ಲಡ್ ಅಂಡ್ ವೈನ್ ಇನ್ನೂ ದೊಡ್ಡದು, ಅದೇ ಒಂದು ಪೂರ್ತಿ ಗೇಮ್ ಇದ್ದಂತೆ. ದ್ರಾಕ್ಷಿ ತೋಟ, ಬಿಸಿಲು, ಗೆರಾಲ್ಟ್‌ಗೆ ಕೊನೆಗೂ ಒಂದು ಮನೆ.

ಸ್ಕೈರಿಮ್‌ನಲ್ಲಿ ಡ್ರ್ಯಾಗನ್‌ಬಾರ್ನ್ ಚೆನ್ನಾಗಿದೆ. ಹಾರ್ತ್‌ಫೈರ್‌ನಲ್ಲಿ ಮನೆ ಕಟ್ಟಿ ಮಕ್ಕಳನ್ನು ದತ್ತು ತೆಗೆದುಕೊಳ್ಳಬಹುದು. ಈಗ ಸಿಗುವ ಸ್ಪೆಷಲ್ ಎಡಿಷನ್‌ನಲ್ಲಿ ಎಲ್ಲವೂ ಸೇರಿಯೇ ಬರುತ್ತವೆ.

ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಯಾವುದು ಓಡುತ್ತದೆ?

ಸ್ಕೈರಿಮ್. ಸ್ಪೆಷಲ್ ಎಡಿಷನ್‌ಗೆ 12 ಜಿಬಿ ಜಾಗ ಸಾಕು. ವಿಚರ್ 3ಕ್ಕೆ 50 ಜಿಬಿ ಇಟ್ಟುಕೊಳ್ಳಿ. 2022ರ ಡಿಸೆಂಬರ್‌ನಲ್ಲಿ ಬಂದ ಪುಕ್ಕಟೆ ಅಪ್‌ಡೇಟ್ ನಂತರ ವಿಚರ್ ಶುರು ಮಾಡುವಾಗ ಚಿತ್ರ ಮೂಡಿಸುವ ಡೈರೆಕ್ಟ್‌ಎಕ್ಸ್ ತಂತ್ರಾಂಶದ 11 ಅಥವಾ 12ನೆಯ ಆವೃತ್ತಿ ಆರಿಸಬಹುದು. ಹಳೆಯ ಮಷಿನ್ ಆದರೆ 11 ಹಾಕಿ, ತುಂಬ ಹಗುರ.

ಬಗ್‌ಗಳು ಜಾಸ್ತಿ ಅಂತಾರೆ?

ಎರಡರಲ್ಲೂ ಇವೆ. ಸ್ಕೈರಿಮ್‌ನಲ್ಲಿ ದೈತ್ಯ ಗದೆಯಿಂದ ಹೊಡೆದರೆ ನೀವು ಆಕಾಶಕ್ಕೆ ಹಾರುತ್ತೀರಿ. ಅಂಗಡಿಯವನ ತಲೆಗೆ ಬಕೆಟ್ ಮಗುಚಿದರೆ ಅವನ ಎದುರೇ ಕದಿಯಬಹುದು. ವಿಚರ್‌ನಲ್ಲಿ ಗೆರಾಲ್ಟ್‌ನ ಕುದುರೆ ರೋಚ್ ಮನೆಯ ಮಾಡಿನ ಮೇಲೆ ನಿಂತಿರುತ್ತದೆ. ಇವೆಲ್ಲ ಸಹಿಸಬಹುದು.

ಸೇವ್ ಮಾತ್ರ ಮರೆಯಬೇಡಿ. ವಿಚರ್‌ನಲ್ಲಿ ಕಾದಾಟದ ನಡುವೆ ಸೇವ್ ಮಾಡಲು ಆಗುವುದಿಲ್ಲ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಗಿ ನನ್ನ ಎರಡು ಗಂಟೆಯ ಆಟ ಹೋಯಿತು. ಅಂದಿನಿಂದ ಯಾವ ಬೇಟೆಗೆ ಹೊರಟರೂ ಮೊದಲು ಸೇವ್ ಮಾಡುತ್ತೇನೆ.

ಹಿಂದಿನ ಭಾಗಗಳನ್ನು ಆಡಿರಬೇಕಾ?

ಸ್ಕೈರಿಮ್‌ಗೆ ಬೇಡ. ವಿಚರ್‌ಗೂ ಬೇಡ, ಆದರೆ ಯೆನ್ನೆಫರ್ ಯಾರು, ಟ್ರಿಸ್ ಯಾರು ಅಂತ ಹತ್ತು ನಿಮಿಷ ಓದಿಕೊಳ್ಳಿ. ಗೆರಾಲ್ಟ್‌ನ ಪ್ರೀತಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಸಂದರ್ಭ ಬರುತ್ತದೆ. ಇಬ್ಬರಿಗೂ ಮಾತು ಕೊಡಲು ಹೋಗಬೇಡಿ.

ಕನ್ನಡದಲ್ಲಿ ಆಡಬಹುದಾ?

ಎರಡರಲ್ಲೂ ಕನ್ನಡ ಇಲ್ಲ. ಇಂಗ್ಲಿಷ್ ಓದುವುದು ನಿಧಾನ ಅನ್ನುವವರಿಗೆ ಸ್ಕೈರಿಮ್ ಸುಲಭ. ಅಲ್ಲಿ ಮಾತು ಕಡಿಮೆ, ಓಡಾಟ ಜಾಸ್ತಿ. ವಿಚರ್‌ನಲ್ಲಿ ಮಾತೇ ಜೀವ. ಸಬ್‌ಟೈಟಲ್ ಹಾಕಿಕೊಂಡು, ಅವಸರ ಮಾಡದೆ ಆಡಿ. ಪೋಲೆಂಡಿನ ಸಣ್ಣ ಸ್ಟುಡಿಯೋ ತನ್ನ ಅಜ್ಜಿಕಥೆಗಳನ್ನು ಇಷ್ಟು ದೊಡ್ಡದಾಗಿ ಮಾಡಿದ್ದು ನೋಡಿದಾಗಲೆಲ್ಲ ನಮ್ಮ ಕರಾವಳಿಯ ಭೂತಗಳ, ಮಲೆನಾಡಿನ ಚೌಡಿಯ ಕಥೆಗಳು ನೆನಪಾಗುತ್ತವೆ. ಯಾರಾದರೂ ಮಾಡಲಿ ಅಂತ ಬಹಳ ಆಸೆ ನನಗೆ.

ಮನೆಯಲ್ಲಿ ಹನ್ನೆರಡು ವರ್ಷದ ಮಗ ಕೇಳುತ್ತಿದ್ದಾನೆ. ಕೊಡಿಸಲಾ?

ಬೇಡ. ಯುರೋಪಿನಲ್ಲಿ ಎರಡಕ್ಕೂ 18 ವರ್ಷದ ಮಿತಿ ಇದೆ. ವಿಚರ್‌ನಲ್ಲಿ ಬೆತ್ತಲೆ ದೃಶ್ಯಗಳಿವೆ, ಮೇಲೆ ಹೇಳಿದ ಬ್ಯಾರನ್‌ನಂಥ ಕಥೆಗಳಿವೆ.

ಎರಡನ್ನೂ ಆಡುವುದಾದರೆ ಮೊದಲು ಯಾವುದು?

ಸ್ಕೈರಿಮ್. ವಿಚರ್ ಮುಗಿಸಿ ಸ್ಕೈರಿಮ್‌ಗೆ ಬಂದರೆ ಅಲ್ಲಿನ ಮುಖಗಳು ಮರದ ಗೊಂಬೆಗಳಂತೆ ಕಾಣುತ್ತವೆ, ಮಾತು ಒಣ ಅನ್ನಿಸುತ್ತದೆ. ಅದು ಸ್ಕೈರಿಮ್‌ಗೆ ಅನ್ಯಾಯ. ಅದರ ಮುಖ್ಯ ಕಥೆ ಮೂವತ್ತು ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತದೆ. ವಿಚರ್‌ನ ಮುಖ್ಯ ಕಥೆಗೇ ಸುಮಾರು 50 ಗಂಟೆ ಬೇಕು. ಸ್ಕೈರಿಮ್ ಶುರು ಮಾಡಿದಾಗ ಮೊದಲ ವಾರ ಯಾವ ಗೈಡೂ ನೋಡಬೇಡಿ, ಬೇಗ ತಲುಪುವ ಆಯ್ಕೆ ಬಳಸಬೇಡಿ, ನಡೆದೇ ಹೋಗಿ. ಆ ಕಲ್ಲಿನ ಬಾಗಿಲ ಮುಂದೆ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಅಂತ ಈಗ ನಿಮಗೆ ಗೊತ್ತು. ಉತ್ತರ ಮೊದಲೇ ಹೇಳಿಬಿಟ್ಟಿದ್ದಕ್ಕೆ ಕ್ಷಮಿಸಿ. ಮುಂದೆ ಸಿಗುವ ಉಗುರುಗಳಲ್ಲಿ ಬೇರೆ ಪ್ರಾಣಿಗಳಿವೆ, ಅವನ್ನು ನೀವೇ ತಿರುಗಿಸಿ ನೋಡಿ.